ಗುಡ್ಡದ ಮೇಲಿನವರಿಗೂ ಒಂದು ಚಹಾ

ಹಸ್ತ ಮಳೆ ಮುಗಿದು ಚಿತ್ತಿ ಹಿಡಿದಿತ್ತು. ಎರಡು ದಿನ ಬಿಸಿಲು ಬಿದ್ದು ಎರೆಹೊಲ ಹದಕ್ಕೆ ಬಂದಿತ್ತು. ಎರೆಯ ಹದ ಯಾರಿಗೂ ಬಹಳ ಹೊತ್ತು ಕಾಯುವುದಿಲ್ಲ. ಇವತ್ತು ಕಾಲಿಗೆ ಅಂಟುವ ಮಣ್ಣು ನಾಳೆ ಪುಡಿಯಾಗುತ್ತದೆ, ನಾಡಿದ್ದು ಕಲ್ಲಾಗುತ್ತದೆ. ಹಾಗಾಗಿ ಊರಿಗೆ ಊರೇ ಕೂರಿಗೆ ಹೂಡಿಕೊಂಡು ಹೊಲಕ್ಕೆ ಇಳಿದಿತ್ತು. ನಾನು ಎತ್ತು ಹೊಡೆಯುತ್ತಿದ್ದೆ. ನನ್ನ ಹೆಂಡತಿ ನೀಲವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಆಚೆ ಹೊಲದ ಹೆಂಗಸರು ಸುಗ್ಗಿಯ ಹಾಡು ಹಾಡುತ್ತಿದ್ದರು. ನಮ್ಮ ಊರಿನಲ್ಲಿ ಬಿತ್ತುವಾಗ ಹಾಡುವುದು ಸುಗ್ಗಿಯ ಹಾಡನ್ನೇ. ಊರ ಎದುರಿನ ಗುಡ್ಡ ಕೇಳಿದ ದನಿಯನ್ನು ನಾಲ್ಕು ತಿಂಗಳು ಹತ್ತು ದಿನ ಕಳೆದು ಮಾರ್ದನಿಯಾಗಿ ಹಿಂದಕ್ಕೆ ಕೊಡುತ್ತದೆ, ಆ ಹೊತ್ತಿಗೆ ತೆನೆ ಮುರಿಯುವ ಕೆಲಸ ನಡೆದಿರುತ್ತದೆ. ಬಂದ ಹಾಡು ಕೈಯಲ್ಲಿದ್ದ ಕೆಲಸಕ್ಕೆ ಹೊಂದಬೇಕಲ್ಲ.

ಇದಕ್ಕೆ ನಾವೆಲ್ಲ ಹುಟ್ಟಿದಾಗಿನಿಂದ ಹೊಂದಿಕೊಂಡವರು. ಜಗಳ ಬಂದರೆ ಗುಡ್ಡಕ್ಕೆ ಬೆನ್ನು ಹಾಕಿ ಬೈದಾಡುತ್ತೇವೆ. ಕೂಸಿಗೆ ಹೆಸರಿಟ್ಟರೆ ಗುಡ್ಡಕ್ಕೆ ಕೂಗಿ ಹೇಳುತ್ತೇವೆ, ಅದು ತಿರುಗಿ ಬಂದ ಮೇಲೆಯೇ ಹೆಸರು ನಿಂತಿತು ಅನ್ನುತ್ತೇವೆ. ಸಾವಾದ ಮನೆಯಲ್ಲಿ ಗುಡ್ಡದ ಕಡೆಯ ಬಾಗಿಲನ್ನು ನಾಲ್ಕು ತಿಂಗಳು ಹತ್ತು ದಿನ ಹಾಕುವುದಿಲ್ಲ. ಯಾರಾದರೂ ಗಂಭೀರವಾಗಿ ಏನನ್ನಾದರೂ ಗುಡ್ಡಕ್ಕೆ ಒಪ್ಪಿಸುವುದಿದ್ದರೆ ಚಾವಡಿಯ ಮುಂದೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಮೂರು ಸಲ ಬಡಿಸುತ್ತಾರೆ. ಆ ಮೇಲೆ ಅವರ ಕೆಲಸ ಮುಗಿಯುವ ತನಕ ಊರು ಉಸಿರು ಬಿಡುವುದಿಲ್ಲ. ಎತ್ತಿನ ಕೊರಳ ಗಂಟೆಗೂ ಅರಿವೆ ಸುತ್ತುತ್ತೇವೆ. ಒಬ್ಬರು ಒಪ್ಪಿಸಿದ ದನಿಯ ಮೇಲೆ ಇನ್ನೊಬ್ಬರ ದನಿ ಬಿದ್ದರೆ ತುಳಿದಂತೆ. ತುಳಿದವನಿಗೆ ದಂಡವಿಲ್ಲ, ಸಾಲವುಂಟು. ದನಿಯ ಒಡೆಯ ಹೇಳಿದ ಮಾತನ್ನು, ಅವನು ಹೇಳಿದ ದಿನ, ಗುಡ್ಡಕ್ಕೆ ಕೂಗಿ ಸಾಲ ತೀರಿಸಬೇಕು. ಚಹಾದಂಗಡಿಯ ದಾವಲಸಾಬ ಒಮ್ಮೆ ಮದುವೆಯ ಸೋಬಾನದ ನಡುವೆ ಸೀನಿದ. ಹೆಣ್ಣಿನ ಸೋದರಮಾವ ಅವನಿಂದ ‘ನನ್ನ ಚಾದಾಗ ಹಾಲಿಲ್ಲ, ನೀರು’ ಎಂದು ಕೂಗಿಸಿದ. ಲೆಕ್ಕ ಹಾಕಿಯೇ ಕೂಗಿಸಿದ್ದ. ಅದು ತಿರುಗಿ ಬಂದ ದಿನ ಸಂತೆಯಿತ್ತು.

ಆವತ್ತು ಕಂಬಿ ಬಡಿಸಿದವರು ಸಮುವೇಲಪ್ಪ ಮಾಸ್ತರು. ಮಿಶನ್ ಕಂಪೌಂಡಿನವರು. ಅವರ ಮನೆತನವೇ ಬ್ಯಾಂಡಿನದು. ಮೂವತ್ತರ ವಯಸ್ಸಿಗೆ ಊರು ಬಿಟ್ಟು, ಬಂದರು ಪಟ್ಟಣದ ದೊಡ್ಡ ಹೋಟೆಲುಗಳ ವಾದ್ಯತಂಡದಲ್ಲಿ ಮೂವತ್ತು ವರ್ಷ ಸ್ಯಾಕ್ಸಫೋನ್ ನುಡಿಸಿ, ಅರವತ್ತು ದಾಟಿದ ಮೇಲೆ ತಿರುಗಿ ಬಂದಿದ್ದರು. ಊರ ಹುಡುಗರು ಆ ವಾದ್ಯವನ್ನು ಹಿತ್ತಾಳೆ ಸೊಂಡಿಲು ಅನ್ನುತ್ತಿದ್ದರು. ಇದು ಎಂಥ ಸಂಗೀತ ಎಂದು ಕೇಳಿದರೆ ಮಾಸ್ತರು ದಾವಲಸಾಬನ ಅಂಗಡಿಯ ಕಟ್ಟೆ ತೋರಿಸುತ್ತಿದ್ದರು. “ನೀವ ದಿನಾ ಮುಂಜಾನೆ ಇಲ್ಲಿ ಕುಂತ ಮಾಡ್ತೀರಲ್ಲಾ, ಅದ ಜಾಝು. ಒಬ್ಬಾಂವ ಒಂದ ಮಾತ ಒಗೀತಾನ, ಇನ್ನೊಬ್ಬ ಅದರ ಮ್ಯಾಲ ಒಂದ ಕಟ್ತಾನ. ಯಾರೂ ಮನ್ಯಾಗ ಬರಕೊಂಡ ಬಂದಿರಂಗಿಲ್ಲ. ಆದ್ರ ಕಡೀಕ ಎಲ್ಲಾರೂ ಮೊದಲನೇ ಮಾತಿಗೇ ಬಂದ ಮುಟ್ಟತೀರಿ.”

ಮೂವತ್ತು ವರ್ಷದಲ್ಲಿ ಎಷ್ಟೋ ರೆಕಾರ್ಡುಗಳಿಗೆ ಅವರು ನುಡಿಸಿದ್ದರಂತೆ. ಒಂದರ ಹೊದಿಕೆಯ ಮೇಲೂ ಅವರ ಹೆಸರಿರಲಿಲ್ಲ. ತಂಡದ ಯಜಮಾನನ ಹೆಸರಿರುತ್ತಿತ್ತು, ಉಳಿದವರದು ‘ಮತ್ತು ಸಂಗಡಿಗರು’. ಈಗ ಒಂದು ರೆಕಾರ್ಡು ಕಂಪನಿಯ ಟೇಪಿನವರು, ಪರಾಂಜಪೆ ಎಂಬವರು, ಹಳೆಯ ಪರಿಚಯದ ಮೇಲೆ ಸುಗ್ಗಿಯ ಹೊತ್ತಿಗೆ ಯಂತ್ರ ಹೊತ್ತುಕೊಂಡು ಬರುತ್ತೇನೆ ಅಂದಿದ್ದರು. ಮಾಸ್ತರ ಹೆಸರಿನಲ್ಲಿ ಒಂದು ರೆಕಾರ್ಡು. ಚಿತ್ತಿ ಮಳೆಯಲ್ಲಿ ಗುಡ್ಡಕ್ಕೆ ಒಪ್ಪಿಸಿದ್ದು ಸುಗ್ಗಿಯಲ್ಲಿ ಬರುವಾಗ ಅದರ ಜೊತೆಗೆ ತಾವೂ ನಿಂತು ನುಡಿಸುವುದು ಅವರ ಎಣಿಕೆ. ಇದಕ್ಕಾಗಿಯೇ ಊರಿಗೆ ಬಂದೆ ಎಂದು ಅವರು ಒಂದು ಸಲ ಅಂದದ್ದುಂಟು.

ಹದ ಹೋಗುತ್ತದೆಂದು ನಾವು ಕೂರಿಗೆ ನಿಲ್ಲಿಸಿರಲಿಲ್ಲ. ಬಾಯಿ ಮುಚ್ಚಿಕೊಂಡು ಬಿತ್ತುತ್ತಿದ್ದೆವು. ಮಾಸ್ತರು ಹೊಲದ ತುದಿಯ ಕಣದಲ್ಲಿ ನಿಂತು ನುಡಿಸತೊಡಗಿದರು. ಆ ಹೊತ್ತಿನ ನುಡಿಸಾಣಿಕೆಯನ್ನು ಏನೆಂದು ಹೇಳಲಿ? ತುಂಬಿದ ಹಳ್ಳ ತಿರುವಿನಲ್ಲಿ ದಂಡೆ ಕೊರೆದುಕೊಂಡು ಹೋಗುವುದನ್ನು ನೋಡುತ್ತ ನಿಂತ ಹಾಗಿತ್ತು. ನೀಲವ್ವ ಕಾಳು ಬಿಡುವುದನ್ನು ಮರೆತು ಎರಡು ಸಾಲು ಬರಿದೇ ನಡೆದಳು. ಅದು ಗೊತ್ತಾದದ್ದು ಆಮೇಲೆ, ಎರಡು ಸಾಲು ಬೋಳಾಗಿ ಉಳಿದಾಗ. ಮೂರನೆಯ ರಾಗಕ್ಕೆ ಮಾಸ್ತರು ಒಮ್ಮೆಲೇ ಮೇಲಿನ ಸ್ವರ ಹಿಡಿದರು. ನನ್ನ ಎಡಗಡೆಯ ಎತ್ತು ಬೆದರಿ, ಜೋಡಿಯನ್ನೂ ಕೂರಿಗೆಯನ್ನೂ ಎಳೆದುಕೊಂಡು ಬಾವಿಯ ಕಡೆಗೆ ಓಡಿತು. ಬಾವಿಗೆ ಕಟ್ಟೆಯಿರಲಿಲ್ಲ. ನಾನು ಹಗ್ಗ ಜಗ್ಗಿ, ಇದ್ದ ಜೀವ ಬಿಟ್ಟು ಕೂಗಿದೆ: “ಏ ನಿಲ್ಲೋ, ನಿಲ್ಲೋ ನಮ್ಮಪ್ಪಾ.”

ಎತ್ತು ನಿಂತಿತು. ಮಾಸ್ತರು ನಿಲ್ಲಲಿಲ್ಲ, ಕೊನೆಯ ತನಕ ನುಡಿಸಿದರು. ಕಂಬಿಯನ್ನು ಮತ್ತೆ ಬಡಿದು ಊರಿಗೆ ಬಾಯಿ ಬಂದ ಮೇಲೆ ನಾನು ರುಮಾಲು ಕೈಯಲ್ಲಿ ಹಿಡಿದು ಕಣಕ್ಕೆ ಹೋದೆ.

“ಮಾಸ್ತರ, ತುಳದೆ,” ಎಂದೆ.

ಅವರು ವಾದ್ಯದ ಬಾಯಿಯನ್ನು ಅರಿವೆಯಿಂದ ಒರೆಸುತ್ತಿದ್ದರು. “ಎತ್ತು ಉಳದಾವೋ ಇಲ್ಲೋ?”

“ಉಳದಾವ್ರಿ.”

“ಮತ್ತ ಆತಲ್ಲ. ಇನ್ನೊಮ್ಮೆ ನುಡಿಸಾಕ ನನ್ನ ಕಡೆ ಉಸಿರಿಲ್ಲ. ಅದ ಬರಲಿ, ಅದರ ಸುತ್ತ ಏನರ ಕಟ್ಟೂಣಂತ. ಸಾಲ ಮಾತ್ರ ಐತಿ ನೋಡು. ಏನ ಕೂಗಸ್ಲಿ ಅಂತ ವಿಚಾರ ಮಾಡಿ ಹೇಳ್ತೀನಿ.”

ಮನೆಗೆ ಬರುವಾಗ ನೀಲವ್ವ ಹೇಳಿದಳು, “ಎತ್ತಿಗೆ ಅಪ್ಪಾ ಅಂದ್ರಿ. ನಮ್ಮ ಮಾವನ್ನ ಒಂದ ದಿನಾ ಹಂಗ ಕರದಿಲ್ಲ ನೀವು.”

ಪುಷ್ಯದ ಚಳಿಯಲ್ಲಿ ಮಾಸ್ತರ ಮೇಲಿನ ಎರಡು ಮುಂದಿನ ಹಲ್ಲು ಅಲುಗಾಡಿ ಒಂದು ವಾರದ ಅಂತರದಲ್ಲಿ ಬಿದ್ದವು. ನಮಗೆ ಹಲ್ಲು ಬಿದ್ದರೆ ರೊಟ್ಟಿ ಮುರಿದು ಹಾಲಿಗೆ ಹಾಕಿಕೊಳ್ಳುತ್ತೇವೆ. ಆ ವಾದ್ಯಕ್ಕೆ ಮೇಲಿನ ಹಲ್ಲೇ ಆಧಾರವಂತೆ. ಹಲ್ಲು ಊರದಿದ್ದರೆ ಉಸಿರು ತುಟಿಯ ಸಂದಿಯಲ್ಲಿ ಸೋರಿಹೋಗುತ್ತದೆ. ಅವರು ಸೈಕಲ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ವಾದ್ಯದ ಬಾಯಿಗೆ ಅಂಟಿಸಿ, ವಸಡು ಊರಿ ನುಡಿಸಲು ನೋಡಿದರು. ಸ್ವಲ್ಪ ಹೊತ್ತಿಗೆ ತುಟಿಯಲ್ಲಿ ರಕ್ತ ಬರುತ್ತಿತ್ತು. ಕೆಳಗಿನ ಕೆಲವು ಸ್ವರ ಬರುತ್ತಿದ್ದವು, ಮೇಲಿನವು ಬರುತ್ತಿರಲಿಲ್ಲ. ನಾನು ಸಂಜೆ ಹೋಗಿ ಅವರ ಜಗುಲಿಯ ಮೇಲೆ ಕೂತಿರುತ್ತಿದ್ದೆ. ಪರಾಂಜಪೆಯವರಿಗೆ ಬರಬೇಡಿ ಎಂದು ಬರೆಯುತ್ತೀರೇನು ಎಂದು ಕೇಳಿದೆ.

“ಗುಡ್ಡಕ್ಕ ಬರಬ್ಯಾಡ ಅಂತ ಬರೀಲಿಕ್ಕೆ ಬರತೈತೇನು? ಅದು ಬಂದ ಬರತೈತಿ. ಬಂದಾಗ ನಾ ಇರಬೇಕಲ್ಲ,” ಎಂದರು.

ಸುಗ್ಗಿಯಲ್ಲಿ, ಲೆಕ್ಕದ ದಿನಕ್ಕೆ, ಪರಾಂಜಪೆ ಬಂದರು. ಕಣದಲ್ಲಿ ಯಂತ್ರ ಹೂಡಿದರು. ಕಂಬಿ ಬಡಿದರು. ಗುಡ್ಡದಿಂದ ಚಿತ್ತಿ ಮಳೆಯ ಸ್ಯಾಕ್ಸಫೋನು ಬಂತು. ಗಟ್ಟಿ ಹಲ್ಲಿನದು, ತುಂಬಿದ ಉಸಿರಿನದು. ಮಾಸ್ತರು ಕಣ್ಣು ಮುಚ್ಚಿ ಅದರ ಜೊತೆ ನುಡಿಸಿದರು. ಅದು ಹತ್ತು ಸ್ವರ ಹೇಳಿದರೆ ಇವರು ಒಂದು ಹೇಳುತ್ತಿದ್ದರು. ಎಷ್ಟೋ ಹೊತ್ತು ಬರಿದೇ ವಾದ್ಯ ಹಿಡಿದು ನಿಂತಿರುತ್ತಿದ್ದರು. ಮೂರನೆಯ ರಾಗದಲ್ಲಿ ನನ್ನ ‘ನಿಲ್ಲೋ ನಮ್ಮಪ್ಪಾ’ ಬಂತು. ಕಣದಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮಾಸ್ತರು ಅದಕ್ಕೆಂದೇ ಜಾಗ ಮಾಡಿಟ್ಟಿದ್ದರು. ಕೂಗು ಮುಗಿಯುವ ತನಕ ಸುಮ್ಮನಿದ್ದು, ಅದು ನಿಂತ ಕಡೆಯಿಂದ ಕೆಳಗಿನ ಒಂದು ಸ್ವರವನ್ನು ಉದ್ದಕ್ಕೆ ಎಳೆದರು. ಅದೊಂದೇ ಸ್ವರ, ಎತ್ತನ್ನು ಬಾವಿಯಿಂದ ಮೆಲ್ಲಗೆ ಹಿಂದಕ್ಕೆ ನಡೆಸಿಕೊಂಡು ಬಂದ ಹಾಗೆ.

ಯಂತ್ರ ನಿಲ್ಲಿಸಿ ಪರಾಂಜಪೆ ಹಣೆ ಒರೆಸಿಕೊಂಡರು. ಗುಡ್ಡದ ಕಡೆ ಕೈ ಮಾಡಿ, “ಅದ್ಭುತವಾಗಿ ನುಡಿಸಿದರು. ಪಾಪ, ಬಿಸಿಲಲ್ಲಿ ನಿಂತಿದ್ದಾರೆ. ಗುಡ್ಡದ ಮೇಲಿನವರಿಗೂ ಒಂದು ಚಹಾ ಕಳಿಸಿ,” ಎಂದರು.

ದೊಡ್ಡ ಊರಿನವರ ರೀತಿ ದೊಡ್ಡದು, ದನಿಗೂ ಚಹಾ ಕೊಡುತ್ತಾರೆ ಎಂದು ನಾವು ತಿಳಿದುಕೊಂಡೆವು. ದಾವಲಸಾಬ ಒಂದು ಕಪ್ಪು ತುಂಬಿ ನನ್ನ ಕೈಗೆ ಕೊಟ್ಟ. ನಾನು ಮರ್ಯಾದೆಯಿಂದ ಬದುವಿನ ತನಕ ಹೋಗಿ, ಗುಡ್ಡಕ್ಕೆ ತೋರಿಸಿ, ಕುಡಿದು, ಕಪ್ಪು ತಿರುಗಿ ತಂದೆ. “ಏನಂದರು?” ಎಂದು ಪರಾಂಜಪೆ ಕೇಳಿದರು. “ಸಕ್ರಿ ಹೆಚ್ಚಾಗಿತ್ರಿ,” ಎಂದೆ. ಅವರು ನಕ್ಕು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಎಲ್ಲ ಊರಿನ ಗುಡ್ಡಗಳೂ ನಮ್ಮ ಗುಡ್ಡದಂತೆಯೇ ಎಂದು ನಾನು ಆಗ ತಿಳಿದಿದ್ದೆ. ನಾನು ಸೀಮೆ ದಾಟಿದವನಲ್ಲ. ಮಾಸ್ತರು ತಮ್ಮ ಪತ್ರದಲ್ಲಿ ‘ನಾನು ಗುಡ್ಡಕ್ಕೆ ಒಪ್ಪಿಸಿದ್ದರ ಜೊತೆ ನುಡಿಸುತ್ತೇನೆ’ ಎಂದು ಬಿಡಿಸಿಯೇ ಬರೆದಿದ್ದರಂತೆ. ಕಲಾವಿದರು ಹೀಗೆಲ್ಲ ಬರೆಯುತ್ತಾರೆ ಎಂದು ಪರಾಂಜಪೆ ಅದನ್ನು ಮೆಚ್ಚಿಕೊಂಡು ಬಿಟ್ಟಿದ್ದರು.

ನಮ್ಮಲ್ಲಿ ಯಾವ ದನಿಯನ್ನಾಗಲಿ ಅದು ತಿರುಗಿ ಬರುವ ಮೊದಲು ಚೆನ್ನ, ಚೆನ್ನಲ್ಲ ಎಂದು ಹೇಳುವ ಪದ್ಧತಿಯಿಲ್ಲ. ಸುಗ್ಗಿಯಲ್ಲಿ ನುಡಿಸಿದ್ದಕ್ಕೆ ಆರಿದ್ರ ಮಳೆಯ ತನಕ ಕಾದೆವು. ಆವತ್ತು ನಾವು ಹೆಸರಿನ ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಮೋಡ ಕವಿದಿತ್ತು. ಗುಡ್ಡ ತನ್ನ ದನಿಯನ್ನು ತಾನು ಎರಡನೆಯ ಸಲ ಕೊಡುವುದಿಲ್ಲ. ಹಾಗಾಗಿ ಚಿತ್ತಿ ಮಳೆಯದು ಬರಲಿಲ್ಲ, ಸುಗ್ಗಿಯಲ್ಲಿ ಮಾಸ್ತರು ಕಣದಲ್ಲಿ ನಿಂತು ನುಡಿಸಿದ್ದಷ್ಟೇ ಬಂತು. ಒಂದು ಸ್ವರ, ಆ ಮೇಲೆ ಬಹಳ ಹೊತ್ತು ಏನೂ ಇಲ್ಲ. ಎರಡು ಸ್ವರ, ಮತ್ತೆ ಏನೂ ಇಲ್ಲ. ಹೊಲದಲ್ಲಿದ್ದವರೆಲ್ಲ ಕುಕ್ಕರುಗಾಲಿನಲ್ಲೇ ಕೂತು ಕೇಳಿದರು. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನನಗೂ ಮನಸ್ಸು ಸಣ್ಣದಾಯಿತು. ಇಷ್ಟೇ ಏನು ಮುದುಕ ನುಡಿಸಿದ್ದು ಅನ್ನಿಸಿತು.

ನೀಲವ್ವ ಕುಡುಗೋಲು ಕೆಳಗಿಟ್ಟಳು. “ಹಗೇವ ದಿನ್ನಿ ಇಕ್ಕಟ್ಟ ದಾರ್‍ಯಾಗ ಗಾಡಿ ಎದರ ಬದರ ಬಂದ್ರ ಯಾರ ದಾರಿ ಬಿಡ್ತಾರ?” ಎಂದು ಕೇಳಿದಳು.

“ಖಾಲಿ ಗಾಡಿಯವರು,” ಎಂದೆ.

“ಹಂಗ ನುಡಿಸ್ಯಾರ ಮಾಸ್ತರು. ತುಂಬಿದ ಗಾಡಿ ಬರಾಕ ಹತ್ತೈತಿ ಅಂತ ಗೊತ್ತಾಗಿ ಪಕ್ಕಕ್ಕ ಸರದು, ಎತ್ತ ಹಿಡಕೊಂಡ ನಿಂತಾರ. ನಡಕ ನಡಕ ಹುಷಾರಪಾ, ಬಲಕ್ಕ ತಗ್ಗೈತಿ ಅಂತ ಒಂದೊಂದ ಮಾತು. ನಿಂದ್ರೂದು ಸಸಾರಲ್ಲ ಅದು. ಗಾಡಿನೂ ತಮ್ದ, ಮಾಲೂ ತಮ್ದ.”

ಸಂಜೆಯ ಹೊತ್ತಿಗೆ ಈ ಮಾತು ದಾವಲಸಾಬನ ಕಟ್ಟೆಗೆ ಮುಟ್ಟಿತ್ತು. ಊರು ಒಪ್ಪಿತು. ಒಂದೇ ಒಂದು ತಕರಾರು ಉಳಿಯಿತು, ಇಬ್ಬರಲ್ಲಿ ಹಿರಿಯವ ಯಾರು ಎಂಬುದು. ಮೊದಲು ಹುಟ್ಟಿದ್ದು ಚಿತ್ತಿ ಮಳೆಯ ದನಿ, ಹಾಗಾಗಿ ಅದೇ ಅಣ್ಣ ಎಂದು ಕೆಲವರು ಅಂದರು. ಹಲ್ಲು ಬಿದ್ದವನನ್ನು ತಮ್ಮ ಅನ್ನುವುದು ಯಾವ ಊರಿನ ನ್ಯಾಯ ಎಂದು ದಾವಲಸಾಬ ವಾದಿಸಿದ. ಆ ಜಗಳ ಈಗಲೂ ಪೂರ್ತಿ ಮುಗಿದಿಲ್ಲ.

ಶ್ರಾವಣದಲ್ಲಿ ರೆಕಾರ್ಡು ಬಂತು. ಹೆಸರು ‘ಚಿತ್ತಿ ಮಳೆ’. ಹೊದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಸಮುವೇಲಪ್ಪ’, ಕೆಳಗೆ ಸಣ್ಣದಾಗಿ ‘ಮತ್ತು ಸಂಗಡಿಗ’. ಮಾಸ್ತರು ಬೆರಳಿನಿಂದ ದೊಡ್ಡ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಸಣ್ಣ ಅಕ್ಷರಕ್ಕೆ ಬಂದಾಗ ನಕ್ಕು, “ಕಡೀಕೂ ಈ ಮಾತು ನನ್ನ ಬಿಡಲಿಲ್ಲ,” ಎಂದರು. ದಾವಲಸಾಬ ಗುಡ್ಡದ ಕಡೆಯ ಕಿಟಕಿ ಮುಚ್ಚಿ, ಗ್ರಾಮೋಫೋನಿಗೆ ಕಂಬಳಿ ಹೊದಿಸಿ, ಒಳಕೋಣೆಯಲ್ಲಿ ಹತ್ತಿಪ್ಪತ್ತು ಜನಕ್ಕೆ ಕೇಳಿಸಿದ.

ಅದರ ಹಿಂದೆಯೇ ಒಂದು ವಾರಪತ್ರಿಕೆ ಅಂಚೆಯಲ್ಲಿ ಬಂತು. ಅಂಬೇಕರ್ ಎಂಬವರು ಅದರಲ್ಲಿ ಸಂಗೀತದ ಬಗ್ಗೆ ಬರೆಯುತ್ತಿದ್ದರು. ಮಾಸ್ತರಿಗೆ ಕನ್ನಡಕ ಸಾಲದು, ಹಾಗಾಗಿ ಜಗುಲಿಯಲ್ಲಿ ಕೂತು ನಾನೇ ಓದಿದೆ. ‘ಈ ಧ್ವನಿಮುದ್ರಿಕೆಯಲ್ಲಿ ಇಬ್ಬರಿದ್ದಾರೆ. ಹತ್ತಿರ ನಿಂತವರು ಸಮುವೇಲಪ್ಪ. ಅವರ ಉಸಿರು ದಣಿದಿದೆ, ಹೇಳಲು ಹೆಚ್ಚೇನೂ ಉಳಿದಿಲ್ಲ. ದೂರ ನಿಂತವರ ಹೆಸರನ್ನು ಕೊಡುವ ಸೌಜನ್ಯವನ್ನೂ ತೋರಿಸಿಲ್ಲ. ಆದರೆ ನಾಲ್ಕನೆಯ ಸ್ವರಕ್ಕೇ ಗೊತ್ತಾಗುತ್ತದೆ, ಈ ಮನೆಯ ಯಜಮಾನರು ಅವರೇ ಎಂದು. ನಮ್ಮ ನಾಡಿನಲ್ಲಿ ಈ ವಾದ್ಯವನ್ನು ಇಷ್ಟು ನಿರ್ಭಯವಾಗಿ ನುಡಿಸಿದವರನ್ನು ನಾನು ಕೇಳಿಲ್ಲ.’ ಮೂರನೆಯ ರಾಗದ ನಡುವೆ ಬರುವ ಕೂಗಿನ ಬಗ್ಗೆ ಅರ್ಧ ಪುಟವಿತ್ತು. ಅದು ತೀರಿಕೊಳ್ಳುತ್ತಿರುವ ತಂದೆಯನ್ನು ಮಗ ತಡೆಯುವ ಕೂಗು, ಅದನ್ನು ಕೇಳಿ ಲೇಖಕರು ಅತ್ತರಂತೆ.

“ಎತ್ತು ಅಂತ ಗೊತ್ತಾದ್ರ ಇನ್ನೂ ಅಳ್ತಾನ,” ಎಂದರು ಮಾಸ್ತರು. ‘ದಣಿದಿದೆ’ ಎಂಬ ಸಾಲನ್ನು ಓದುವಾಗ ನಾನು ದನಿ ತಗ್ಗಿಸಿದ್ದೆ. ಅದು ಅವರಿಗೆ ಗೊತ್ತಾಗದೆ ಇರಲಿಲ್ಲ.

ಒಂದು ತಿಂಗಳ ಮೇಲೆ ಅಂಬೇಕರರೇ ಊರಿಗೆ ಬಂದರು. ಆವತ್ತು ಮಾಸ್ತರು ಹಲ್ಲು ಕಟ್ಟಿಸಿಕೊಂಡು ಬರಲು ದೂರದ ದವಾಖಾನೆಗೆ ಹೋಗಿದ್ದರು. ಹಲ್ಲು ಕೂತರೆ ಮತ್ತೊಮ್ಮೆ ಪೂರಾ ಉಸಿರಿನಲ್ಲಿ ನುಡಿಸುವ ಆಸೆ. ಅಂಬೇಕರರು ಕೇಳಿಕೊಂಡು ಕೇಳಿಕೊಂಡು ನನ್ನ ಹೊಲಕ್ಕೆ ಬಂದರು. ಎಳೆಯ ವಯಸ್ಸಿನವರು, ಒಳ್ಳೆಯ ಮನುಷ್ಯರು. ಬದುವಿನ ಮೇಲೆ ಅರಿವೆ ಹಾಸಿದರೆ ಬೇಡವೆಂದು ಬರೀ ಮಣ್ಣಿನ ಮೇಲೆ ಕೂತರು.

“ಇನ್ನೊಬ್ಬರು ಎಲ್ಲಿ? ಗುಡ್ಡದ ಮೇಲಿಂದ ನುಡಿಸಿದವರು?” ಎಂದು ಕೇಳಿದರು.

ದನಿಯ ಬಗ್ಗೆ ಬರೆದು ಹೆಸರು ಮಾಡಿದವರಿಗೆ ನಾನು ದನಿಯ ಬಗ್ಗೆ ಏನು ಬಿಡಿಸಿ ಹೇಳುವುದು? ಕೇಳಿದ್ದಕ್ಕೆ ಉತ್ತರ ಕೊಟ್ಟೆ. “ಅವ್ರು ಈಗೆಲ್ಲಿ ಸಿಗ್ತಾರ್‍ರೀ. ಅವ್ರು ಹ್ವಾದ ವರ್ಷದ ಚಿತ್ತಿ ಮಳ್ಯಾಗಿನವ್ರು. ಆವಾಗ ಹಲ್ಲು ಗಟ್ಟಿದ್ದುವು, ಉಸಿರು ಗಟ್ಟಿತ್ತು. ಪುಷ್ಯದಾಗ ಎಲ್ಲಾ ಮುಗೀತು.”

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಪುಷ್ಯದಲ್ಲಿ. ನಮಗೆ ಯಾರೂ ತಿಳಿಸಲೇ ಇಲ್ಲ.”

“ಯಾರಿಗಂತ ತಿಳಸ್ತೀರಿ ಇಂಥಾದ್ನ.”

“ಸಮುವೇಲಪ್ಪನವರಿಗೆ ಅವರೇನಾಗಬೇಕು?”

“ಒಂದ ಮನಿ, ಒಂದ ತಾಟು. ಅಣ್ಣ ಅನ್ರಿ, ತಮ್ಮ ಅನ್ರಿ. ಅದರ ಮ್ಯಾಲ ಊರಾಗ ಜಗಳನ ಐತಿ.”

“ಜಗಳ,” ಎಂದು ಅವರು ಬರೆದುಕೊಂಡರು. “ಹೆಸರು ಕೊಡದಿದ್ದುದಕ್ಕೆ ಅದೇ ಕಾರಣವಿರಬೇಕು.” ಎದ್ದು ನಿಂತು ಗುಡ್ಡದ ಕಡೆ ತಿರುಗಿ ಕೈಮುಗಿದರು. ಚೆನ್ನಾಗಿ ತಿಳಿದವರು ಎಂದು ನನಗೆ ಸಮಾಧಾನವಾಯಿತು. ಹೊರಟಾಗ ಉಡಿ ತುಂಬ ಹಸಿ ಶೇಂಗಾ ಕಟ್ಟಿಕೊಟ್ಟೆ.

ಮುಂದಿನ ವಾರದ ಪತ್ರಿಕೆಯಲ್ಲಿ ಕಪ್ಪು ಗೆರೆಯ ಚೌಕಟ್ಟಿನೊಳಗೆ ಅವರ ಬರಹವಿತ್ತು. ತಲೆಬರಹ ‘ಹೆಸರಿಲ್ಲದೆ ಹೋದ ಮಹಾ ವಾದಕ’. ಒಂದೇ ತಾಟಿನಲ್ಲಿ ಉಂಡ ಸೋದರನನ್ನು ಸಣ್ಣ ಮನಸ್ತಾಪಕ್ಕಾಗಿ ಹೊದಿಕೆಯ ಮೇಲಿಂದ ಅಳಿಸಿದ ಹಿರಿಯನನ್ನು ಕಾಲ ಕ್ಷಮಿಸುವುದಿಲ್ಲ ಎಂದು ಕೊನೆಯಾಗಿತ್ತು. ಒಂದು ಸಲ ಓದಿದೆ, ಎರಡು ಸಲ ಓದಿದೆ. ಎಲ್ಲ ಊರಿನ ಗುಡ್ಡಗಳೂ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಗ. ನನ್ನ ನ್ಯಾಯವಾದ ಉತ್ತರಗಳಿಂದ ಮಾಸ್ತರನ್ನೇ ಸಾಯಿಸಿ, ಸತ್ತವರ ಹೆಸರು ಅಳಿಸಿದ ಪಾಪವನ್ನೂ ಅವರ ತಲೆಗೇ ಕಟ್ಟಿದ್ದೆ. ಅದರ ಮರುದಿನವೇ ಕಂಪನಿಯ ಪತ್ರವೂ ಬಂತು. ರೆಕಾರ್ಡಿಗೆ ಬೇಡಿಕೆ ಹೆಚ್ಚಿದೆ, ಎರಡನೆಯ ಸಲ ಅಚ್ಚು ಹಾಕುತ್ತೇವೆ, ತೀರಿಕೊಂಡವರ ಹೆಸರನ್ನು ದಯವಿಟ್ಟು ಈಗಲಾದರೂ ತಿಳಿಸಿ ಎಂದು.

ಎರಡನ್ನೂ ತೆಗೆದುಕೊಂಡು ಹೋದೆ. ಮಾಸ್ತರು ಜಗುಲಿಯಲ್ಲಿದ್ದರು. ಹೊಸ ಹಲ್ಲು ಪಕ್ಕದ ಡಬ್ಬಿಯಲ್ಲಿತ್ತು. ಮಾತಾಡಲು ನಡೆಯುತ್ತದೆ, ಊದಲು ನಡೆಯುವುದಿಲ್ಲ, ಜಾರುತ್ತದೆ ಅಂದರು. ನಾನು ಎಲ್ಲವನ್ನೂ ಓದಿದೆ, ನಾನೇನು ಹೇಳಿದ್ದೆ ಎಂಬುದನ್ನೂ ಬಿಡದೆ ಹೇಳಿದೆ. ‘ಅಣ್ಣ ಅನ್ರಿ, ತಮ್ಮ ಅನ್ರಿ’ ಎಂಬಲ್ಲಿಗೆ ಬಂದಾಗ ಅವರಿಗೆ ನಗು ತಡೆಯಲಿಲ್ಲ. ಹಲ್ಲಿಲ್ಲದ ಬಾಯಿಯಿಂದ ಮಗುವಿನ ಹಾಗೆ ನಕ್ಕರು. ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

“ನಾ ಪತ್ರಿಕಿಗೆ ಬರೀತೀನ್ರಿ ಮಾಸ್ತರ,” ಎಂದೆ. “ತಪ್ಪು ನಂದು. ಇಬ್ಬರೂ ನೀವ ಅಂತ ಬರೀತೀನಿ. ಊರವರ ಎಲ್ಲಾರ ಸಹಿ ಹಾಕಸ್ತೀನಿ.”

“ಬರದ್ರ ಏನಾಕ್ಕೈತಿ?”

“ನಿಮ್ಮ ಹೆಸರು ನಿಮಗ ಬರತೈತಿ.”

“ಬರಂಗಿಲ್ಲೋ. ಹಂಗಾರ ನುಡಿಸಿ ತೋರಸಪಾ ಅಂತಾರ. ಈ ಬಾಯಿ ತಗೊಂಡ ಹೋಗಿ ಎಲ್ಲಿ ನುಡಿಸ್ಲಿ? ಮೊದ್ಲ ಹೊಟ್ಟಿಕಿಚ್ಚಿನವ ಅಂದ್ರು, ಆವಾಗ ಸುಳ್ಳ ಅಂತಾರ.” ಅವರು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೊಣಕಾಲ ಮೇಲೆ ಹರವಿದರು. ಅಕ್ಷರ ಕಾಣದಿದ್ದರೂ ನೋಡುತ್ತ ಕೂತರು. “ಅಡಿವೆಪ್ಪಾ, ನಿನಗ ಒಂದ ಮಾತ ಹೇಳ್ತೀನಿ. ಮೂವತ್ತ ವರ್ಷದಾಗ ನನ್ನ ಹೊಗಳಿದವರು ಇದ್ರು. ಇಲ್ಲ ಅಂತಲ್ಲ. ಆದ್ರ ಮೊದ್ಲ ನನ್ನ ಮಖಾ ನೋಡೋರು, ಬೂಟು ನೋಡೋರು, ಯಾವ ಊರು ಯಾರ ಮಗಾ ಅಂತ ಕೇಳೋರು. ಆಮ್ಯಾಲ, ಅಂಥಾ ಕಡೆ ಹುಟ್ಟಿ ಇಷ್ಟರ ನುಡಿಸ್ತಾನಲ್ಲ ಅನ್ನೋರು. ಈ ಹುಡುಗ ಮಖಾ ನೋಡಿಲ್ಲ, ಹೆಸರ ಕೇಳಿಲ್ಲ. ಬರೇ ಕಿವೀಲೆ ಕೇಳಿ ಬರದಾನ. ಇಂಥಾದ್ದ ನನಗ ಒಮ್ಮಿನೂ ಸಿಕ್ಕಿರಲಿಲ್ಲ. ಅದು ನಾನ ಅಂತ ಗೊತ್ತಾದ ಕೂಡಲೆ ಮತ್ತ ಮಖಾ ನೋಡಾಕ ಚಾಲೂ ಮಾಡ್ತಾನ.”

“ಮತ್ತ ನಿಮಗ ಬೈದಾನಲ್ರಿ.”

“ಬೈಲಿ. ಮುಂದಿನವನ್ನ ಬೈದ ಹಿಂದಿನವನ್ನ ಹೊಗಳ್ಯಾನ. ಮನ್ಯಾಗಿಂದ ಮನ್ಯಾಗ.”

ಆಮೇಲೆ ಅವರು ನೆಟ್ಟಗೆ ಕೂತು ಹೇಳಿದರು, “ನಿನ್ನ ಸಾಲ ಐತಿ ನೋಡು. ಇವತ್ತ ಕೇಳ್ತೀನಿ.”

ನಾನು ಎದ್ದು ನಿಂತು ರುಮಾಲು ತೆಗೆದೆ. ಏನು ಕೂಗಿಸುತ್ತಾರೋ ಎಂದು ಕಾದೆ.

“ಏನೂ ಕೂಗಬ್ಯಾಡ,” ಎಂದರು. “ಗುಡ್ಡಕ್ಕೂ ಬ್ಯಾಡ, ಕಾಗದಕ್ಕೂ ಬ್ಯಾಡ. ಹೊರಗಿನವ್ರು ಯಾರ ಬಂದ ಕೇಳಿದ್ರೂ ಆ ಇನ್ನೊಬ್ಬಾಂವ ಯಾರಂತ ಹೇಳಬ್ಯಾಡ. ನಿನ್ನ ಸಾಲ ಹಂಗ ತೀರಸು.”

ಇಂಥ ವಸೂಲಿ ನಮ್ಮ ಊರಿನಲ್ಲಿ ಹಿಂದೆ ಆದದ್ದಿಲ್ಲ. ಕೂಗಿ ತೀರಿಸುವ ಸಾಲ ಒಂದೇ ಗಳಿಗೆಯದು. ಇದನ್ನು ದಿನಾ ತೀರಿಸುತ್ತಲೇ ಇರಬೇಕಾಯಿತು. ಎರಡನೆಯ ಅಚ್ಚಿನಲ್ಲಿ ‘ಮತ್ತು ಅಜ್ಞಾತ ವಾದಕ’ ಎಂದು ಬಂತು. ಅಜ್ಞಾತನನ್ನು ಹುಡುಕಿಕೊಂಡು ಎಷ್ಟೋ ಜನ ಬಂದರು. ಅವರ ಸಮಾಧಿ ಎಲ್ಲಿದೆ ಎಂದು ಕೇಳಿದರು. ಎಲ್ಲರಿಗೂ ಚಹಾ ಕೊಡಿಸಿ, ನನಗೆ ತಿಳಿಯದು ಎಂದು ಕಳಿಸಿದೆ. ಮಾಸ್ತರು ಆಮೇಲೆ ಒಂಬತ್ತು ವರ್ಷ ಇದ್ದರು, ವಾದ್ಯ ಮುಟ್ಟಲಿಲ್ಲ. ಅವರು ಹೋದ ಮೇಲೆ ಮಿಶನ್ ಕಂಪೌಂಡಿನವರು ಗುಡ್ಡದ ಕಡೆಯ ಬಾಗಿಲು ತೆರೆದಿಟ್ಟರು. ಹೆಚ್ಚೇನೂ ಬರಲಿಲ್ಲ. ಒಂದು ಸಂಜೆ ಕೆಮ್ಮು, ಇನ್ನೊಂದು ಸಂಜೆ ಕೋಳಿಗಳನ್ನು ಗೂಡಿಗೆ ಕರೆದದ್ದು. ಕೋಳಿಗಳು ಎದ್ದು ಗೂಡಿಗೆ ಹೋದವು.

ಇದೆಲ್ಲ ಆಗಿ ನಲವತ್ತು ವರ್ಷದ ಮೇಲಾಯಿತು. ಕೂರಿಗೆ ಹೂಡುವವರು ಈಗ ಊರಿನಲ್ಲಿ ಇಬ್ಬರೋ ಮೂವರೋ. ಟ್ರ್ಯಾಕ್ಟರಿನ ಸದ್ದಿಗೆ ಗುಡ್ಡ ಬೇಸರಪಟ್ಟುಕೊಂಡಂತೆ ಕಾಣುತ್ತದೆ. ಸುಗ್ಗಿಯಲ್ಲಿ ಬರೀ ಗುರುಗುರು. ನೀಲವ್ವ ಮಾತ್ರ ಈಗಲೂ ಬಿತ್ತುವಾಗ ಬದುವಿನ ಮೇಲೆ ಕೂತು ಸುಗ್ಗಿಯ ಹಾಡು ಹೇಳುತ್ತಾಳೆ. ಹೋದ ವಾರ ಅಂಚೆಯವನು ‘ಚಿತ್ತಿ ಮಳೆ’ಯ ಹೊಸ ಅಚ್ಚು ತಂದುಕೊಟ್ಟ. ಯಾರು ಕಳಿಸಿದರೋ ಬರೆದಿಲ್ಲ. ಹೊದಿಕೆಯ ಮೇಲೆ ಟೈ ಕಟ್ಟಿದ, ನಾನು ಎಂದೂ ನೋಡದ ಒಬ್ಬರ ಫೋಟೋ ಇತ್ತು. ಅಜ್ಞಾತ ವಾದಕರು ಇವರೇ ಎಂದು ಸಂಶೋಧನೆಯಿಂದ ಸಿದ್ಧವಾಗಿದೆಯಂತೆ. ಹೆಸರು, ಹುಟ್ಟಿದ ದಿನ, ಅವರ ಸೋದರಳಿಯ ಬರೆದ ನೆನಪು, ಎಲ್ಲ ಇದ್ದವು. ಅವರು ನಮ್ಮ ಗುಡ್ಡ ಹತ್ತಿ ನುಡಿಸಿದ್ದನ್ನೂ, ಸಕ್ಕರೆ ಹೆಚ್ಚಾದ ಚಹಾ ಕುಡಿದದ್ದನ್ನೂ ಸೋದರಳಿಯ ವಿವರವಾಗಿ ಬರೆದಿದ್ದ.

ಎರಡು ದಿನ ಊಟ ರುಚಿಸಲಿಲ್ಲ. ಹೆಸರಿಲ್ಲದ ಜಾಗಕ್ಕೆ ನಾನು ಕಾವಲಿದ್ದೆ. ಅಲ್ಲಿ ಯಾರೂ ಇಲ್ಲದಿದ್ದರೆ ಅದು ಮಾಸ್ತರದೇ ಜಾಗ. ಬೇರೆಯವರನ್ನು ಕೂರಿಸಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದರೆ ಅದು ಯಾವ ಸಾಲ ತೀರಿಸಿದಂತೆ? ಆದರೆ ಅವರು ‘ಯಾರ ಬಂದ ಕೇಳಿದ್ರೂ’ ಎಂದಿದ್ದರು. ಇಂಥ ಹೊತ್ತಿಗೆ ಹೀಗೆ, ಅಂಥ ಹೊತ್ತಿಗೆ ಹಾಗೆ ಎಂದು ಬಿಡಿಸಿ ಹೇಳಿರಲಿಲ್ಲ. ಕೇಳೋಣವೆಂದರೆ ಅವರಿಲ್ಲ.

ಮೂರನೆಯ ದಿನ ಕಂಪನಿಗೆ ಬರೆಯಲು ಕಾಗದ ತೆಗೆದುಕೊಂಡು ಕೂತೆ. ಕೂರಿಗೆ, ಎತ್ತು, ಹಲ್ಲು, ರಬ್ಬರು, ಚಹಾ, ನಾನು ಅಂಬೇಕರರಿಗೆ ಹೇಳಿದ್ದು, ಎಲ್ಲವನ್ನೂ ಬರೆದೆ. ಇಬ್ಬರೂ ಒಬ್ಬರೇ ಎಂದು ಬರೆದೆ. ಅವರ ಪೂರ್ತಿ ಹೆಸರನ್ನೂ ತಂದೆಯ ಹೆಸರನ್ನೂ ಬರೆದೆ. ನೀಲವ್ವ ಹೊಸ್ತಿಲಲ್ಲಿ ಕೂತು ಕೇರುತ್ತಿದ್ದವಳು ಓದಿಸಿ ಕೇಳಿದಳು.

“ನಂಬ್ತಾರೇನ್ರಿ?” ಎಂದಳು.

“ಇಲ್ಲ.”

“ಮತ್ತ ಮಾತ ಮುರದಂಗಾತಲ್ಲ. ಇಷ್ಟ ವರ್ಷ ತೀರಿಸಿದ್ದೂ ಹ್ವಾತು.”

“ಹ್ವಾತು.”

ಅವಳು ಸ್ವಲ್ಪ ಹೊತ್ತು ಮೊರ ಆಡಿಸಿದಳು. “ಸಾಲಗಾರ್‍ರಾಗೇ ಸಾಯ್ರಿ ಹಂಗಾರ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಕಾಗದದ ಕೊನೆಯಲ್ಲಿ ಬರೆದವರು ಯಾರು ಎಂದು ತಿಳಿಸಬೇಕಲ್ಲ. ರೈತ ಎಂದು ಬರೆಯಲೋ, ನೆರೆಯವ ಎಂದು ಬರೆಯಲೋ ಎಂದು ಯೋಚಿಸಿದೆ. ಕೊನೆಗೆ ‘ಸಮುವೇಲಪ್ಪ ಮಾಸ್ತರ ಸಾಲಗಾರ, ಅಡಿವೆಪ್ಪ’ ಎಂದು ಬರೆದು, ಲಕೋಟೆ ಅಂಟಿಸಿದೆ.